ಮೊದಲು ಡೆಬಿಯನ್, ಆಮೇಲೆ ಉಬುಂಟು: ಮ್ಯೂನಿಕ್ ಪಾಲಿಕೆ ಮಾಡಿದ ಆಯ್ಕೆಗಳು

ವಿಂಡೋಸ್ ಬದಲು ಬಳಸಬಹುದಾದ ಲಿನಕ್ಸ್‌ಗೆ ಡಿಸ್ಟ್ರೋ ಎಂಬ ಹಲವು ರೂಪಗಳಿವೆ. ಅದನ್ನು ಹಾಕಿಕೊಳ್ಳಲು ಹೊರಟವರ ಮುಂದೆ ಮೊದಲು ಬರುವ ಪ್ರಶ್ನೆ ಇದು. ಹೊಸಬರಿಗೆ ಸುಲಭ ಅನ್ನುವ ಉಬುಂಟು, ಮಿಂಟ್ ಹಾಕಿಕೊಳ್ಳೋದಾ? ಇಲ್ಲ, ಕೈ ಪಳಗಿದವರು ಮೆಚ್ಚುವ ಡೆಬಿಯನ್, ಆರ್ಚ್ ಹಾಕಿಕೊಳ್ಳೋದಾ? ಮನೆಯ ಒಂದು ಲ್ಯಾಪ್‌ಟಾಪ್ ಆದರೆ ಎರಡನ್ನೂ ಹಾಕಿ ನೋಡಬಹುದು. ಬೇಡ ಅನ್ನಿಸಿದರೆ ಅಳಿಸಬಹುದು. ಆದರೆ ಸುಮಾರು 14,000 ಕಂಪ್ಯೂಟರ್, 16,000 ನೌಕರರು ಇರುವ ಕಡೆ ಇದೇ ಪ್ರಶ್ನೆ ಎದ್ದರೆ? ಜರ್ಮನಿಯ ಮ್ಯೂನಿಕ್ ನಗರಪಾಲಿಕೆಯಲ್ಲಿ ಅದು ಎದ್ದಿತು.

ಮ್ಯೂನಿಕ್ ಅಂದರೆ ಎಲ್ಲರೂ ಲಿನಕ್ಸ್‌ಗೂ ವಿಂಡೋಸ್‌ಗೂ ನಡೆದ ಜಗಳದ ಬಗ್ಗೆಯೇ ಮಾತಾಡುತ್ತಾರೆ. ಅದರೊಳಗೆ ಇನ್ನೊಂದು ಸಂಗತಿ ಇದೆ, ಅದರ ಮೇಲೆ ಯಾರ ಕಣ್ಣೂ ಅಷ್ಟಾಗಿ ಬಿದ್ದಿಲ್ಲ. ಪಾಲಿಕೆ ಮೊದಲು ಡೆಬಿಯನ್ ಆರಿಸಿತು. ಅರ್ಧ ದಾರಿಯಲ್ಲಿ ಉಬುಂಟುಗೆ ಬಂತು. ಊರಿನ ಜನಕ್ಕೆ ಹಂಚುವಾಗ ಮೂರನೆಯದೊಂದನ್ನು ಆರಿಸಿತು. ಈ ಮೂರು ಆಯ್ಕೆಗಳಿಂದ ನಾವು ಕಲಿಯುವುದು ಜಾಸ್ತಿ ಇದೆ ಎಂದು ನನಗೆ ಅನ್ನಿಸುತ್ತದೆ.

ಪರಿಸ್ಥಿತಿ ಏನಿತ್ತು

2000ದ ದಶಕದ ಆರಂಭದಲ್ಲಿ ಪಾಲಿಕೆಯ ಕಂಪ್ಯೂಟರ್‌ಗಳಲ್ಲಿ ವಿಂಡೋಸ್ ಎನ್‌ಟಿ 4 ಇತ್ತು. ಮೈಕ್ರೋಸಾಫ್ಟ್ ಅದರ ಬೆಂಬಲ ನಿಲ್ಲಿಸುವುದರಲ್ಲಿತ್ತು. ಹೊಸ ವಿಂಡೋಸ್ ಕೊಳ್ಳಬೇಕು, ಇಲ್ಲವೇ ಬೇರೆ ದಾರಿ ಹಿಡಿಯಬೇಕು. ಲಿನಕ್ಸ್ ಮಾತು ಬಲವಾಗುತ್ತಿದ್ದಂತೆ ಮೈಕ್ರೋಸಾಫ್ಟ್ ಮುಖ್ಯಸ್ಥ ಸ್ಟೀವ್ ಬಾಲ್ಮರ್ 2003ರಲ್ಲಿ ತಮ್ಮ ಸ್ಕೀಯಿಂಗ್ ರಜೆಯ ನಡುವೆಯೇ ಮ್ಯೂನಿಕ್‌ಗೆ ಬಂದು ಮೇಯರ್ ಕ್ರಿಸ್ಟಿಯಾನ್ ಊಡೆ ಅವರನ್ನು ಕಂಡರು. ಬೆಲೆಯೂ ಇಳಿಯಿತು. ಕೊನೆಗೆ ಮೈಕ್ರೋಸಾಫ್ಟ್ ಹೇಳಿದ ಬೆಲೆಯೇ ಲಿನಕ್ಸ್ ಯೋಜನೆಗಿಂತ ಅಗ್ಗವಾಗಿತ್ತು. ಹೀಗಿದ್ದೂ 2003ರ ಮೇ 28ರಂದು ಪಾಲಿಕೆ ಸಭೆ ಓಪನ್ ಸೋರ್ಸ್ ಕಡೆಗೆ, ಅಂದರೆ ಯಾರು ಬೇಕಾದರೂ ನೋಡಿ ತಿದ್ದಬಹುದಾದ ಸಾಫ್ಟ್‌ವೇರ್ ಕಡೆಗೆ, ಮತ ಹಾಕಿತು. ಮರು ವರ್ಷ ಜೂನ್‌ನಲ್ಲಿ ಅಂತಿಮ ಒಪ್ಪಿಗೆಯೂ ಸಿಕ್ಕಿತು. ಯೋಜನೆಗೆ ಲಿಮಕ್ಸ್ ಎಂದು ಹೆಸರಿಟ್ಟರು.

ಇಲ್ಲೊಂದು ವಿಷಯ ಗಮನಿಸಬೇಕು. ಅವರು ಹಣ ಉಳಿಸಲು ಹೊರಟವರಲ್ಲ. ಒಂದೇ ಕಂಪನಿಯ ಮರ್ಜಿಯಲ್ಲಿ ಇರಬಾರದು ಎನ್ನುವುದು ಅವರ ಮುಖ್ಯ ಕಾಳಜಿ. ಮುಂದಿನ ಆಯ್ಕೆ ಅರ್ಥವಾಗಬೇಕಾದರೆ ಇದು ನೆನಪಿರಬೇಕು.

ಮೊದಲ ಆಯ್ಕೆ: ಡೆಬಿಯನ್

ಆರಂಭದ ಅಧ್ಯಯನದಲ್ಲಿ ಐಬಿಎಂ ಮತ್ತು ಸೂಸೆ ಕಂಪನಿಗಳು ಪಾಲಿಕೆಯ ಜೊತೆಗಿದ್ದವು. ಸೂಸೆ ಪಕ್ಕದ ನ್ಯೂರೆಂಬರ್ಗ್‌ನ ಕಂಪನಿ. ಮ್ಯೂನಿಕ್ ಇರುವ ಬವೇರಿಯಾ ರಾಜ್ಯದ್ದೇ. ಅದರ ಲಿನಕ್ಸ್ ಆಗಲೇ ಕಚೇರಿಗಳಲ್ಲಿ ಹೆಸರು ಮಾಡಿತ್ತು. ಹಲವರು ಅದೇ ಬರುತ್ತದೆ ಅಂದುಕೊಂಡಿದ್ದರು. ಆದರೆ 2005ರಲ್ಲಿ ಗುತ್ತಿಗೆ ಸಾಫ್ಟ್‌ಕಾನ್ ಮತ್ತು ಗೋನಿಕಸ್ ಎಂಬ ಎರಡು ಚಿಕ್ಕ ಜರ್ಮನ್ ಕಂಪನಿಗಳಿಗೆ ಹೋಯಿತು. ಅವರು ತಂದದ್ದು ಡೆಬಿಯನ್.

ಡೆಬಿಯನ್‌ಗೆ ಯಜಮಾನ ಕಂಪನಿ ಇಲ್ಲ. 1993ರಲ್ಲಿ ಇಯಾನ್ ಮರ್ಡಾಕ್ ಶುರು ಮಾಡಿದ ಇದನ್ನು ಪ್ರಪಂಚದ ಬೇರೆ ಬೇರೆ ಮೂಲೆಯ ಸ್ವಯಂಸೇವಕರು ನಡೆಸುತ್ತಾರೆ. ಯಾರೂ ಕೊಂಡುಕೊಳ್ಳಲಾಗದು, ಯಾರೂ ಮುಚ್ಚಲಾಗದು. ಸೂಸೆಯನ್ನು ಅಷ್ಟರಲ್ಲೇ ಅಮೆರಿಕದ ನೊವೆಲ್ ಕಂಪನಿ ಕೊಂಡಿತ್ತು. ಒಂದು ಕಂಪನಿಯ ಹಿಡಿತದಿಂದ ಬಿಡಿಸಿಕೊಂಡು ಇನ್ನೊಂದರ ಹಿಡಿತಕ್ಕೆ ಹೋಗಲು ಇಷ್ಟವಿಲ್ಲದ ಪಾಲಿಕೆಗೆ ಡೆಬಿಯನ್ ಹಿಡಿಸಿದ್ದು ಸಹಜವೇ.

ಆದರೆ ಅದಕ್ಕೆ ತೆರಬೇಕಾದ ಬೆಲೆ ದುಡಿಮೆಯದ್ದು. ಆಗಿನ ಡೆಬಿಯನ್ ಇನ್‌ಸ್ಟಾಲ್ ಮಾಡಿದ ಕೂಡಲೇ ಗುಮಾಸ್ತರ ಮೇಜಿನ ಮೇಲಿಡುವ ಹಾಗೆ ಇರಲಿಲ್ಲ. ಅದೊಂದು ಗಟ್ಟಿ ತಳಹದಿ. ಮೇಲಿನ ಕಟ್ಟಡ ನೀವೇ ಕಟ್ಟಬೇಕು. ಪಾಲಿಕೆಯ ತಂತ್ರಜ್ಞರು ಹಾಗೇ ಮಾಡಿದರು. ಸಾವಿರಾರು ಕಂಪ್ಯೂಟರ್‌ಗಳಿಗೆ ಒಂದೇ ಸಲ ಇನ್‌ಸ್ಟಾಲ್ ಮಾಡಲು ಎಫ್‌ಎಐ ಎಂಬ ಸಾಧನ ಬಳಸಿದರು. ಕಲೋನ್ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ್ದು ಅದು. ಬಳಕೆದಾರರನ್ನೂ ಯಂತ್ರಗಳನ್ನೂ ನಿರ್ವಹಿಸಲು ಗೋಸಾ ಇತ್ತು. ಮೇಲೆ ಕಣ್ಣಿಗೆ ಕಾಣುವ ಪರದೆಗೆ ಕೆಡಿಇ ಡೆಸ್ಕ್‌ಟಾಪ್, ಅದರೊಳಗೆ ವರ್ಡ್ ಥರದ ಕೆಲಸಕ್ಕೆ ಓಪನ್ ಆಫೀಸ್. 2006ರ ಕೊನೆಯ ತಿಂಗಳುಗಳಲ್ಲಿ ಮೊದಲ ಮೇಜುಗಳಿಗೆ ಲಿಮಕ್ಸ್ ಬಂತು. 2007ರಲ್ಲಿ ಬಳಕೆಗೆ ಸುಲಭ ಎಂದು ಜರ್ಮನಿಯ ಟ್ಯೂಫ್ ಎಂಬ ತಪಾಸಣಾ ಸಂಸ್ಥೆಯ ಪ್ರಮಾಣಪತ್ರವೂ ಸಿಕ್ಕಿತು.

ಈ ಪ್ರಮಾಣಪತ್ರದ ಸಂಗತಿ ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಡೆಬಿಯನ್ ಅಂದರೆ ಕಷ್ಟ ಎನ್ನುವ ಮಾತು ಬಳಕೆದಾರರ ಮಟ್ಟಿಗೆ ನಿಜವಾಗಲಿಲ್ಲ. ಗುಮಾಸ್ತರಿಗೆ ಕಾಣುವುದು ಮೆನು, ಐಕಾನ್, ಬ್ರೌಸರ್, ಪ್ರಿಂಟ್ ಬಟನ್. ಕೆಳಗೆ ಯಾವ ಡಿಸ್ಟ್ರೋ ಇದೆ ಎನ್ನುವುದು ಅವರಿಗೆ ತಿಳಿಯಬೇಕಾಗಿಯೂ ಇಲ್ಲ. ಸುಲಭ ಮಾಡಿಟ್ಟರೆ ಯಾವುದೂ ಸುಲಭವೇ. ಆ ಸುಲಭವನ್ನು ಯಾರು ಮಾಡಿಡುತ್ತಾರೆ, ಎಷ್ಟು ದಿನ ಮಾಡಿಡುತ್ತಾರೆ ಅನ್ನುವಲ್ಲೇ ತೊಡಕು ಶುರುವಾಗುವುದು.

ತೊಡಕು ಎಲ್ಲಿ ಬಂತು

ಡೆಬಿಯನ್ ಆಗ ದಿನಾಂಕ ಹೇಳಿ ಬಿಡುಗಡೆ ಮಾಡುತ್ತಿರಲಿಲ್ಲ. ಸಿದ್ಧವಾದಾಗ ಬರುತ್ತದೆ, ಅಷ್ಟೇ. 3.0 ಬಂದದ್ದು 2002ರ ಜುಲೈನಲ್ಲಿ. 3.1 ಬಂದದ್ದು 2005ರ ಜೂನ್‌ನಲ್ಲಿ. ಹೆಚ್ಚುಕಮ್ಮಿ ಮೂರು ವರ್ಷ. ಅದರ ಮುಂದಿನದು 2007ರ ಏಪ್ರಿಲ್. ಹೊಸ ಆವೃತ್ತಿ ಬಂದ ಮೇಲೆ ಹಳೆಯದಕ್ಕೆ ಸುಮಾರು ಒಂದು ವರ್ಷ ಮಾತ್ರ ಭದ್ರತಾ ಅಪ್‌ಡೇಟ್ ಸಿಗುತ್ತಿತ್ತು. ಹಾಗಾಗಿ 3.1ರ ಬೆಂಬಲ 2008ರ ಮಾರ್ಚ್‌ಗೆ ಮುಗಿಯಿತು.

ಈಗ ಪಾಲಿಕೆಯ ಕಡೆಯ ಲೆಕ್ಕ ನೋಡಿ. 2008ರ ನವೆಂಬರ್ ಹೊತ್ತಿಗೆ 14,000ದಲ್ಲಿ ಸುಮಾರು 1,200 ಕಂಪ್ಯೂಟರ್‌ಗಳಷ್ಟೇ ಲಿಮಕ್ಸ್‌ಗೆ ಬಂದಿದ್ದವು. ಅಂದರೆ ಹತ್ತರಲ್ಲಿ ಒಂದು ಭಾಗವೂ ಮುಗಿಯುವ ಮೊದಲೇ ಯೋಜನೆ ಶುರುವಾದ ಕಾಲದ ಡೆಬಿಯನ್ ಆವೃತ್ತಿ ಹಳತಾಗಿ ಬೆಂಬಲ ಕಳೆದುಕೊಂಡಿತ್ತು. ಹೊಸ ಹಾರ್ಡ್‌ವೇರ್ ಇನ್ನೊಂದು ತಲೆನೋವು. ಕಚೇರಿ ಪ್ರತಿ ವರ್ಷ ಹೊಸ ಯಂತ್ರ ಕೊಳ್ಳುತ್ತಲೇ ಇರುತ್ತದೆ. ಮೂರು ವರ್ಷ ಹಳೆಯ ಕರ್ನೆಲ್‌ಗೆ, ಅಂದರೆ ಲಿನಕ್ಸ್‌ನ ತಿರುಳಿಗೆ, ಈ ವರ್ಷದ ಗ್ರಾಫಿಕ್ಸ್ ಚಿಪ್, ಈ ವರ್ಷದ ನೆಟ್‌ವರ್ಕ್ ಕಾರ್ಡ್ ಗೊತ್ತಿರುವುದಿಲ್ಲ. ಡ್ರೈವರ್ ತಂದು ಕೂರಿಸುವ, ಪರೀಕ್ಷಿಸುವ ಕೆಲಸ ಪಾಲಿಕೆಯ ತಂಡದ ತಲೆಗೇ ಬೀಳುತ್ತದೆ.

ಇದರ ಜೊತೆಗೆ ದೊಡ್ಡ ತೊಡಕೊಂದು ಇತ್ತು, ಅದಕ್ಕೂ ಡಿಸ್ಟ್ರೋಗೂ ಸಂಬಂಧವೇ ಇಲ್ಲ. ಪಾಲಿಕೆಯ ಇಲಾಖೆಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಪ್ರತ್ಯೇಕ ಐಟಿ ಘಟಕಗಳಿದ್ದವು. ಒಬ್ಬರದು ಒಂದು ವ್ಯವಸ್ಥೆ, ಇನ್ನೊಬ್ಬರದು ಇನ್ನೊಂದು. ಲಾಗಿನ್ ಬೇರೆ, ಇನ್‌ಸ್ಟಾಲ್ ಮಾಡುವ ರೀತಿ ಬೇರೆ. ಲಿನಕ್ಸ್ ಹಾಕುವ ಮೊದಲು ಇವೆಲ್ಲವನ್ನೂ ಒಂದು ದಾರಿಗೆ ತರಬೇಕಿತ್ತು. ಮೊದಲ ವರ್ಷಗಳ ನಿಧಾನಕ್ಕೆ ಮುಖ್ಯ ಕಾರಣ ಇದೇ. 2008, 2009ರ ಹೊತ್ತಿಗೆ ಮುಗಿಯಬೇಕಿದ್ದ ಕೆಲಸ 2013ಕ್ಕೆ ಹೋಯಿತು.

ಆಮೇಲೆ ಟೆಂಪ್ಲೇಟ್‌ಗಳು. ವರ್ಷಗಟ್ಟಲೆ ವರ್ಡ್‌ನಲ್ಲಿ ಕೂಡಿಟ್ಟ ಸಾವಿರಾರು ಪತ್ರದ ನಮೂನೆಗಳು, ಅರ್ಜಿಗಳು, ಕೆಲಸವನ್ನು ತಾನಾಗಿ ಮಾಡುವ ಮ್ಯಾಕ್ರೋಗಳು. ಎಷ್ಟೋ ಮ್ಯಾಕ್ರೋಗಳನ್ನು ಯಾರು ಬರೆದರು ಅನ್ನುವುದೇ ಕಚೇರಿಗಳಲ್ಲಿ ಗೊತ್ತಿರುವುದಿಲ್ಲ. ಅಂಥದ್ದನ್ನು ಉಬುಂಟು ಆಗಲಿ, ಡೆಬಿಯನ್ ಆಗಲಿ, ಯಾರೂ ಹೊರಗಿನಿಂದ ಸರಿಮಾಡಿ ಕೊಡಲಾರರು. ಮ್ಯೂನಿಕ್‌ನವರು ಇದಕ್ಕಾಗಿಯೇ ವೋಲ್‌ಮಕ್ಸ್ ಎಂಬ ಸಾಧನ ಬರೆದರು. ಓಪನ್ ಆಫೀಸ್ ಒಳಗೇ ಕೂತು ಲೆಟರ್‌ಹೆಡ್, ನಮೂನೆ, ವಿಳಾಸ ಎಲ್ಲವನ್ನೂ ಒಂದೇ ಕಡೆಯಿಂದ ಒದಗಿಸುವ ಕೆಲಸ ಅದರದ್ದು. 2008ರಲ್ಲಿ ಅದನ್ನು ಎಲ್ಲರಿಗೂ ಮುಕ್ತವಾಗಿ ಬಿಟ್ಟುಕೊಟ್ಟರು. ಇಡೀ ಯೋಜನೆಯಲ್ಲಿ ನನಗೆ ತುಂಬಾ ಹಿಡಿಸುವ ಭಾಗ ಇದು. ತಮ್ಮ ತೆರಿಗೆ ಹಣದಲ್ಲಿ ಬರೆದದ್ದನ್ನು ಬೇರೆ ಊರುಗಳೂ ಬಳಸಲಿ ಎಂದು ಒಂದು ಪಾಲಿಕೆ ಯೋಚಿಸಿತಲ್ಲ, ಅದು ದೊಡ್ಡ ಮಾತು.

ಎರಡನೆಯ ಆಯ್ಕೆ: ಉಬುಂಟು

ಉಬುಂಟು ಹುಟ್ಟಿದ್ದು 2004ರ ಅಕ್ಟೋಬರ್‌ನಲ್ಲಿ. ಡೆಬಿಯನ್‌ನ ಪ್ಯಾಕೇಜ್‌ಗಳಿಂದಲೇ, ಅಂದರೆ ಅದರ ಸಾಫ್ಟ್‌ವೇರ್ ಕಟ್ಟುಗಳಿಂದಲೇ, ಕಟ್ಟಿದ್ದು. ಆದರೆ ಹೆಚ್ಚುಕಮ್ಮಿ ಆರು ತಿಂಗಳಿಗೊಮ್ಮೆ ಬಿಡುಗಡೆ. 2006ರ ಜೂನ್‌ನಲ್ಲಿ ಮೊದಲ ಎಲ್‌ಟಿಎಸ್ ಬಂತು. ದೀರ್ಘಕಾಲ ಬೆಂಬಲ ಸಿಗುವ ಆವೃತ್ತಿ ಅದು. ಡೆಸ್ಕ್‌ಟಾಪ್‌ಗೆ ಮೊದಲು ಮೂರು ವರ್ಷ, 12.04ರಿಂದ ಐದು ವರ್ಷ. ಹಿಂದೆ ಕ್ಯಾನೊನಿಕಲ್ ಎಂಬ ಕಂಪನಿ ಇತ್ತು, ಕೈಯಲ್ಲೊಂದು ಕ್ಯಾಲೆಂಡರ್ ಇತ್ತು.

2011ರಲ್ಲಿ ಬಂದ ಲಿಮಕ್ಸ್ 4.0 ಉಬುಂಟು 10.04 ಎಲ್‌ಟಿಎಸ್ ಮೇಲೆ ನಿಂತಿತ್ತು. ಮುಂದಿನ 5.0 ಉಬುಂಟು 12.04 ಎಲ್‌ಟಿಎಸ್ ಮೇಲೆ. ಬದಲಾದದ್ದು ಕೆಳಗಿನ ತಳಹದಿ. ನೌಕರರ ಕಣ್ಣಿಗೆ ಅದೇ ಕೆಡಿಇ ಕಾಣುತ್ತಿತ್ತು. ಉಬುಂಟುವಿನ ಸ್ವಂತ ಡೆಸ್ಕ್‌ಟಾಪ್ ತರುವ ಗೋಜಿಗೆ ಅವರು ಹೋಗಲಿಲ್ಲ. ತಂತ್ರಜ್ಞರು ಕಲಿತ ಡೆಬಿಯನ್ ವಿದ್ಯೆಯೂ ವ್ಯರ್ಥವಾಗಲಿಲ್ಲ. ಪ್ಯಾಕೇಜ್ ಮಾಡುವ ರೀತಿ ಅದೇ, ಕಮಾಂಡ್‌ಗಳು ಅವೇ, ಎಫ್‌ಎಐ ಉಬುಂಟು ಜೊತೆಗೂ ಕೆಲಸ ಮಾಡುತ್ತದೆ.

2011ರ ಕೊನೆಗೆ ಸುಮಾರು 9,000 ಕಂಪ್ಯೂಟರ್. 2013ರ ಕೊನೆಗೆ ಸುಮಾರು 15,000. ಅಷ್ಟರಲ್ಲಿ ಪಾಲಿಕೆಯ ಕಂಪ್ಯೂಟರ್‌ಗಳೇ ಮೊದಲಿನ 14,000ಕ್ಕಿಂತ ಹೆಚ್ಚಾಗಿದ್ದವು. ಆಗ ಯೋಜನೆ ಮುಗಿಯಿತು ಎಂದು ಪಾಲಿಕೆ ಘೋಷಿಸಿತು. ಈ ವೇಗಕ್ಕೆ ಉಬುಂಟು ಒಂದೇ ಕಾರಣ ಅನ್ನಲಾರೆ. ಐಟಿ ಘಟಕಗಳನ್ನು ಒಟ್ಟುಗೂಡಿಸಿದ್ದು, ಟೆಂಪ್ಲೇಟ್‌ಗಳ ಕೆಲಸ ಒಂದು ಹಂತಕ್ಕೆ ಬಂದದ್ದು ಅದಕ್ಕಿಂತ ಜಾಸ್ತಿ ನೆರವಾಗಿರಬೇಕು. ಆದರೂ ಮುಂದಿನ ಆವೃತ್ತಿ ಯಾವ ತಿಂಗಳು ಬರುತ್ತದೆ, ಇದರ ಬೆಂಬಲ ಯಾವ ತಿಂಗಳು ಮುಗಿಯುತ್ತದೆ ಎಂದು ಮೊದಲೇ ಗೊತ್ತಿರುವುದು ಇಷ್ಟು ದೊಡ್ಡ ಕಚೇರಿಗೆ ಸಣ್ಣ ಲಾಭ ಅಲ್ಲ. ಬಜೆಟ್ ಹಾಕುವವರನ್ನು ಕೇಳಿದರೆ ತಿಳಿಯುತ್ತದೆ.

ಹಾಗಾದರೆ 2005ರಲ್ಲಿ ಡೆಬಿಯನ್ ಆರಿಸಿದ್ದು ತಪ್ಪೇ? ನನ್ನ ಪ್ರಕಾರ ಅಲ್ಲ. ಆಗ ಉಬುಂಟುಗೆ ವರ್ಷವೂ ತುಂಬಿರಲಿಲ್ಲ. ಎಲ್‌ಟಿಎಸ್ ಎನ್ನುವುದೇ ಇರಲಿಲ್ಲ. ಕೂಸಿನಂಥ ಡಿಸ್ಟ್ರೋ ನಂಬಿ ಒಂದು ನಗರದ ಆಡಳಿತ ಇಡುವುದು ಯಾರಿಗೂ ಧೈರ್ಯ ಬರುವ ಕೆಲಸ ಅಲ್ಲ. ಆದರೆ 2006ರ ನಂತರ ಲೆಕ್ಕ ಬದಲಾಯಿತು. ತಳಹದಿಯನ್ನು ಕಾಯುವ, ಡ್ರೈವರ್ ಹೊಂದಿಸುವ ಕೆಲಸವನ್ನು ಹೊರಗಿನವರು ಚೆನ್ನಾಗಿಯೇ ಮಾಡಿಕೊಡುತ್ತಿದ್ದರು. ವೋಲ್‌ಮಕ್ಸ್ ಥರದ ಕೆಲಸ ಮಾತ್ರ ಮ್ಯೂನಿಕ್‌ನವರಿಂದಲೇ ಆಗಬೇಕಿತ್ತು. ಇರುವ ಕೈಗಳು ಕೆಲವೇ. ಅವನ್ನು ಅಲ್ಲಿಗೆ ಇನ್ನೂ ಬೇಗ ಹಾಕಬಹುದಿತ್ತು. ಪಳಗಿದ ತಂತ್ರಜ್ಞರು ಇದ್ದಾರೆ ಎಂಬ ಕಾರಣಕ್ಕೇ ಪಳಗಿದವರ ಸಿಸ್ಟಮ್ ಬೇಕು ಎಂದೇನಿಲ್ಲ. ಅವರ ಹೊತ್ತು ಎಲ್ಲಿ ಖರ್ಚಾಗಬೇಕು ಎಂದು ನೋಡಿ ಆರಿಸಬೇಕು.

ಮೂರನೆಯ ಆಯ್ಕೆ: ಗ್ರಂಥಾಲಯದ ಸಿ.ಡಿ.

2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಯ ಬೆಂಬಲ ನಿಲ್ಲುವುದಿತ್ತು. ಊರಿನ ಜನರ ಮನೆಗಳಲ್ಲಿ ಎಕ್ಸ್‌ಪಿ ಇರುವ ಹಳೆಯ ಕಂಪ್ಯೂಟರ್‌ಗಳು ಬೇಕಾದಷ್ಟು. ಅವೆಲ್ಲ ಕಸಕ್ಕೆ ಹೋಗಬಾರದು ಎಂದು ಪಾಲಿಕೆ 2013ರಲ್ಲಿ ತನ್ನ ಗ್ರಂಥಾಲಯದ ಮೂಲಕ ಸುಮಾರು 2,000 ಲಿನಕ್ಸ್ ಸಿ.ಡಿ. ಹಂಚಿತು.

ಅದರಲ್ಲಿ ಇದ್ದದ್ದು ಲಿಮಕ್ಸ್ ಅಲ್ಲ, ಡೆಬಿಯನ್ ಅಲ್ಲ, ಮಾಮೂಲಿ ಉಬುಂಟುವೂ ಅಲ್ಲ. ಲುಬುಂಟು. ಉಬುಂಟುವಿನ ಹಗುರ ರೂಪ ಅದು. ಕಡಿಮೆ ಮೆಮೊರಿಯ ಹಳೆಯ ಯಂತ್ರದಲ್ಲೂ ಓಡುತ್ತದೆ, ಮೆನು ಎಕ್ಸ್‌ಪಿ ಕಂಡವರಿಗೆ ಗುರುತು ಹತ್ತುವ ಹಾಗೆ ಕೆಳಗೇ ಇರುತ್ತದೆ. ಕಚೇರಿಯಲ್ಲಿ ಏನಾದರೂ ಕೆಟ್ಟರೆ ಬಂದು ನೋಡುವವರು ಇದ್ದಾರೆ. ಮನೆಯಲ್ಲಿ ಕೂತ ಅಜ್ಜನಿಗೆ ಯಾರಿದ್ದಾರೆ? ತನ್ನ ತಂಡ ಜೊತೆಗೆ ಇಲ್ಲದ ಕಡೆ ಪಾಲಿಕೆ ಬೇರೆಯದನ್ನೇ ಆರಿಸಿತು. ಇಡೀ ಪ್ರಕರಣದಲ್ಲಿ ಅತ್ಯಂತ ಸರಿಯಾದ ಯೋಚನೆ ಇಲ್ಲಿ ಕಾಣುತ್ತದೆ ಎಂದು ನನಗೆ ಅನ್ನಿಸುತ್ತದೆ. 

ವಿಂಡೋಸ್‌ಗೆ ವಾಪಸ್

ಮುಂದಿನದನ್ನು ಚಿಕ್ಕದಾಗಿ ಹೇಳುತ್ತೇನೆ. 2014ರಲ್ಲಿ ಡೀಟರ್ ರೈಟರ್ ಮೇಯರ್ ಆದರು. ಲಿಮಕ್ಸ್ ಬಗ್ಗೆ ಅವರಿಗೆ ಅಸಮಾಧಾನ ಇತ್ತು. ನೌಕರರಿಂದಲೂ ದೂರುಗಳಿದ್ದವು. ಹೊರಗಿನಿಂದ ಬಂದ ವರ್ಡ್ ಫೈಲ್ ಸರಿಯಾಗಿ ತೆರೆಯುವುದಿಲ್ಲ, ಫೋನಿನಲ್ಲಿ ಕಚೇರಿಯ ಮೇಲ್ ಸಿಗುವುದಿಲ್ಲ ಅನ್ನುವಂಥವು. ಫೋನಿನ ಮೇಲ್‌ಗೂ ಮೇಜಿನ ಮೇಲಿನ ಲಿನಕ್ಸ್‌ಗೂ ಏನು ಸಂಬಂಧ? ಆದರೆ ಕಚೇರಿಯಲ್ಲಿ ಏನು ಕೆಟ್ಟರೂ ಹೊಸದಾಗಿ ಬಂದದ್ದರ ಮೇಲೇ ಬೊಟ್ಟು ಹೋಗುತ್ತದೆ. 2016ರಲ್ಲಿ ಆಕ್ಸೆಂಚರ್ ಕಂಪನಿ ಕೊಟ್ಟ ವರದಿ ಹಳತಾದ ಸಾಫ್ಟ್‌ವೇರ್ ಆವೃತ್ತಿಗಳತ್ತಲೂ, ಅದಕ್ಕಿಂತ ಹೆಚ್ಚಾಗಿ ಐಟಿ ಆಡಳಿತ ಹರಿದು ಹಂಚಿಹೋದದ್ದರತ್ತಲೂ ಬೊಟ್ಟು ಮಾಡಿತು. ವಿಂಡೋಸ್‌ಗೆ ಮರಳಲು ತಾಂತ್ರಿಕ ಕಾರಣ ಕಾಣುತ್ತಿಲ್ಲ ಎಂದು ಪಾಲಿಕೆಯ ಐಟಿ ಮುಖ್ಯಸ್ಥರೇ ಹೇಳಿದರು. ಆದರೂ 2017ರಲ್ಲಿ ಸಭೆ ವಿಂಡೋಸ್ 10ಕ್ಕೆ ಮತ ಹಾಕಿತು. ಅದಕ್ಕೆ ಸುಮಾರು 5 ಕೋಟಿ ಯೂರೋ ಮಂಜೂರಾಯಿತು. 2020ರಲ್ಲಿ ಬಂದ ಹೊಸ ಮೈತ್ರಿ ಮತ್ತೆ ಸಾಧ್ಯವಿರುವ ಕಡೆಯೆಲ್ಲ ಓಪನ್ ಸೋರ್ಸ್ ಎಂದಿತು.

ಲಿನಕ್ಸ್ ಸೋತಿತು ಎಂದು ಹೇಳಲು ಈ ಕಥೆಯನ್ನು ಎತ್ತಿಕೊಳ್ಳುವವರಿಗೆ ಫ್ರಾನ್ಸ್‌ನ ಜಾಂಡಾರ್ಮರಿಯನ್ನೂ ನೋಡಿ ಎನ್ನುತ್ತೇನೆ. ಅದು ಅಲ್ಲಿನ ಒಂದು ಪೊಲೀಸ್ ಪಡೆ. ಅವರು 2005ರಲ್ಲಿ ವಿಂಡೋಸ್ ಮುಟ್ಟಲಿಲ್ಲ. ಅದರ ಮೇಲೆಯೇ ಓಪನ್ ಆಫೀಸ್ ಹಾಕಿದರು. ಆಮೇಲೆ ಫೈರ್‌ಫಾಕ್ಸ್ ಬ್ರೌಸರ್, ಥಂಡರ್‌ಬರ್ಡ್ ಮೇಲ್. ಜನ ಅದಕ್ಕೆ ಒಗ್ಗಿದ ಮೇಲೆ ಕೆಳಗಿನ ವಿಂಡೋಸ್ ತೆಗೆದು ಉಬುಂಟು ಇಟ್ಟರು. ತಳಹದಿ ಕಟ್ಟುವ ಉಸಾಬರಿಗೇ ಹೋಗಲಿಲ್ಲ. 2013ರ ಹೊತ್ತಿಗೆ ಸುಮಾರು 37,000 ಕಂಪ್ಯೂಟರ್ ಬದಲಾಗಿದ್ದವು. ಇಂದಿಗೂ ಅವರು ಉಬುಂಟುವಿನಲ್ಲೇ ಇದ್ದಾರೆ.

ಇವತ್ತು, ನಮ್ಮ ಕಡೆ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಬೆಂಬಲ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು. ಇಂಟೆಲ್ ಆದರೆ ಎಂಟನೆಯ ತಲೆಮಾರಿನಿಂದ ಈಚೆಯ ಪ್ರೊಸೆಸರ್ ಬೇಕು. ನಮ್ಮ ಎಷ್ಟೋ ಕಾಲೇಜು ಕಚೇರಿ, ಸಹಕಾರ ಸಂಘ, ಡಿಟಿಪಿ ಅಂಗಡಿಗಳ ಯಂತ್ರಗಳು ಇದಕ್ಕೆ ಹೊಂದುವುದಿಲ್ಲ. ಆದರೆ ಇನ್ನೂ ಚೆನ್ನಾಗಿ ಓಡುತ್ತಿವೆ. ಎನ್‌ಟಿ 4 ಕಾಲದ ಮ್ಯೂನಿಕ್ ಇದ್ದ ಜಾಗದಲ್ಲೇ ಅವರೂ ನಿಂತಿದ್ದಾರೆ.

ಅಂದಿನ ವ್ಯತ್ಯಾಸಗಳಲ್ಲಿ ಕೆಲವು ಈಗ ಉಳಿದಿಲ್ಲ. ಡೆಬಿಯನ್ ಈಗ ಎರಡು ವರ್ಷಕ್ಕೊಮ್ಮೆ ಬರುತ್ತಿದೆ. 12 ಬಂದದ್ದು 2023ರ ಜೂನ್‌ನಲ್ಲಿ, 13 ಬಂದದ್ದು 2025ರ ಆಗಸ್ಟ್‌ನಲ್ಲಿ. ವೈಫೈ ಚಿಪ್‌ಗಳಿಗೆ ಬೇಕಾದ ಫರ್ಮ್‌ವೇರ್ 12ರಿಂದ ಇನ್‌ಸ್ಟಾಲರ್ ಒಳಗೇ ಬರುತ್ತದೆ. ಮಿಂಟ್ 22 ನಿಂತಿರುವುದು ಉಬುಂಟು 24.04ರ ಮೇಲೆ, ಬೆಂಬಲ 2029ರವರೆಗೆ. ಆರ್ಚ್‌ನಂಥ ದಿನದಿನವೂ ಬದಲಾಗುವ ಡಿಸ್ಟ್ರೋ ಮೇಲೂ ವಾಲ್ವ್ ಕಂಪನಿ ಸ್ಟೀಮ್ ಡೆಕ್ ಎಂಬ ಆಟದ ಯಂತ್ರ ನಡೆಸುತ್ತಿದೆ. ಮಕ್ಕಳೂ ಆಡುತ್ತಾರೆ. ಹಿಂದೆ ಕಾಯುವ ಕಂಪನಿ ಇದೆ, ಹಾಗಾಗಿ ನಡೆಯುತ್ತದೆ. ಸಹಕಾರ ಸಂಘದ ಕಚೇರಿಯಲ್ಲಿ ಆರ್ಚ್ ಹಾಕಿಕೊಟ್ಟ ಹುಡುಗ ಕೆಲಸ ಸಿಕ್ಕಿ ಬೇರೆ ಊರಿಗೆ ಹೋದರೆ ಮುಂದಿನ ಅಪ್‌ಡೇಟ್ ಯಾರು ನೋಡುತ್ತಾರೆ?

ಅಂಥ ಕಚೇರಿಗೆ ನಾನು ಮಿಂಟ್ ಅಥವಾ ಉಬುಂಟು ಎಲ್‌ಟಿಎಸ್ ಹೇಳುತ್ತೇನೆ. ತಿಂಗಳಿಗೊಮ್ಮೆಯಾದರೂ ಬಂದು ಹೋಗುವ, ಲಿನಕ್ಸ್ ಬಲ್ಲ ಒಬ್ಬರು ಖಾಯಂ ಇದ್ದರೆ ಡೆಬಿಯನ್ 13 ಕೂಡ ಚೆನ್ನ. ಕಲಿಯುವ ಆಸೆ ಇರುವ ವಿದ್ಯಾರ್ಥಿ ತನ್ನ ಸ್ವಂತ ಲ್ಯಾಪ್‌ಟಾಪ್‌ಗೆ ಧಾರಾಳವಾಗಿ ಆರ್ಚ್ ಹಾಕಿಕೊಳ್ಳಲಿ. ಕೆಟ್ಟರೆ ಅವನಿಗೆ ಅದೇ ಪಾಠ.

ಆದರೆ ಇನ್‌ಸ್ಟಾಲ್ ಮಾಡುವ ಮೊದಲು ನಮ್ಮವರು ಮಾಡಬೇಕಾದ ಕೆಲಸ ಒಂದಿದೆ. ಮ್ಯೂನಿಕ್‌ಗೆ ವರ್ಡ್ ಮ್ಯಾಕ್ರೋ ಹೇಗೋ ನಮಗೆ ಹಳೆಯ ನುಡಿ ಫೈಲ್‌ಗಳು ಹಾಗೆ. ಯೂನಿಕೋಡ್‌ಗೆ ಮೊದಲಿನ ಆಸ್ಕಿ ಫಾಂಟ್‌ನಲ್ಲಿ ಟೈಪ್ ಮಾಡಿದ ಠರಾವು, ನೋಟಿಸು, ಸದಸ್ಯರ ಪಟ್ಟಿ ಎಲ್ಲವೂ ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ಅದನ್ನು ಕಂಡವರು ಲಿನಕ್ಸ್‌ನಲ್ಲಿ ಕನ್ನಡ ಬರಲ್ಲ ಎಂದುಬಿಡುತ್ತಾರೆ. ಕನ್ನಡ ಚೆನ್ನಾಗಿಯೇ ಬರುತ್ತದೆ. ಐಬಸ್ ಎಂ17ಎನ್ ಎಂಬ ಟೈಪಿಂಗ್ ಸಾಧನ ಹಾಕಿದರೆ ನುಡಿಯವರಿಗೆ ಅಭ್ಯಾಸವಾದ ಕೆಜಿಪಿ ಕೀಲಿಮಣೆಯೇ ಸಿಗುತ್ತದೆ. ಗುಬ್ಬಿ, ನವಿಲು ಫಾಂಟ್‌ಗಳು ಡೆಬಿಯನ್ ಭಂಡಾರದಲ್ಲೇ ಇವೆ. ಹಳೆಯ ಫೈಲ್‌ಗಳನ್ನು ಮಾತ್ರ ಪರಿವರ್ತಕದಲ್ಲಿ ಹಾಕಿ ಯೂನಿಕೋಡ್ ಮಾಡಬೇಕು. ಒತ್ತಕ್ಷರ, ಅರ್ಕಾವತ್ತು ತಪ್ಪಿದೆಯಾ ಎಂದು ಕೂತು ಓದಬೇಕು. ಇದನ್ನು ವಿಂಡೋಸ್ ಇರುವಾಗಲೇ, ಫ್ರೆಂಚ್ ಪೊಲೀಸರ ಹಾಗೆ, ಓಪನ್ ಆಫೀಸ್‌ನಿಂದಲೇ ಹುಟ್ಟಿದ ಲಿಬ್ರೆ ಆಫೀಸ್ ಹಾಕಿಕೊಂಡು ಶುರು ಮಾಡಬಹುದು. ಕಚೇರಿಯ ಪ್ರಿಂಟರ್‌ನ ಮಾಡೆಲ್ ನಂಬರ್ ಬರೆದುಕೊಂಡು ಅದಕ್ಕೆ ಲಿನಕ್ಸ್ ಡ್ರೈವರ್ ಇದೆಯಾ ಎಂದು ನೋಡುವುದೂ ಆ ವಾರವೇ ಆಗಲಿ. ಪೆನ್ ಡ್ರೈವ್‌ನಿಂದ ಮಿಂಟ್ ಓಡಿಸಿ ಒಂದು ಠರಾವು ಪ್ರಿಂಟ್ ತೆಗೆದು ಕಾರ್ಯದರ್ಶಿಗೆ ತೋರಿಸಿ. ಅವರು ಅದಕ್ಕೆ ಸಹಿ ಹಾಕುವ ಹಾಗಿದ್ದರೆ ಮುಂದಿನ ಕೆಲಸ ಶುರು ಮಾಡಬಹುದು.